ಎಪ್ಪತ್ನಾಲ್ಕು ಅನ್ನಲು ಎಷ್ಟು ಹೊತ್ತು ಬೇಕು ಸ್ವಾಮಿ?

ಮದ್ದೂರು ವಡೆ ಹುಟ್ಟಿದ ಕಥೆ ಗೊತ್ತೇ ಗೆಳೆಯರೇ? ಮದ್ದೂರಿನ ಹಿರಿಯರನ್ನು ಕೇಳಿ, ಹೇಳುತ್ತಾರೆ. 1917ರ ಸುಮಾರಿನ ಮಾತು. ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು ತಿಂಡಿ ಮಾರುತ್ತಿದ್ದರು. ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಪಕೋಡ ಮಾಡಿಕೊಂಡು ಕೂರಲು ಸಮಯವಿಲ್ಲ. ರೈಲು ಹೊರಟುಬಿಟ್ಟರೆ ಹಸಿದವರು ಹಸಿದೇ ಹೋಗಬೇಕು. ಬುಧ್ಯರು ಕಲಸಿದ ಹಿಟ್ಟನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಅದೇ ಮದ್ದೂರು ವಡೆಯಾಯಿತು. ಅಂದರೆ ಜಗತ್ತಿಗೆಲ್ಲ ನಮ್ಮ ಊರಿನ ಹೆಸರು ಹೇಳುವ ಈ ತಿಂಡಿ ಹುಟ್ಟಿದ್ದೇ ಗಿರಾಕಿಯನ್ನು ಕಾಯಿಸಬಾರದು ಎಂಬ ಕಾಳಜಿಯಿಂದ!

ಅದೇ ವಡೆಗಾಗಿ ಅದೇ ಸೀಮೆಯಲ್ಲಿ ನಮ್ಮ ದೊಡ್ಡಪ್ಪ ನಲವತ್ತು ನಿಮಿಷ ಕಾದರು. ಅಡುಗೆ ತಡವಾಗಿದ್ದಕ್ಕಲ್ಲ. ವಡೆ ಹತ್ತೇ ನಿಮಿಷಕ್ಕೆ ಸಿದ್ಧವಾಗಿತ್ತು. ಮತ್ತೆ ಯಾಕೆ ಕಾದರು? ಅದನ್ನು ಹೇಳುವುದಕ್ಕೇ ಈ ಬರಹ.

ದೊಡ್ಡಪ್ಪ ಮಂಡ್ಯ ತಾಲ್ಲೂಕಿನ ಕೊತ್ತತ್ತಿಯವರು. ಕಬ್ಬು ಬೆಳೆದು ಬದುಕಿದ ಮನುಷ್ಯ. ಈಗ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಬೇಕು, ಇಲ್ಲದಿದ್ದರೆ ಕೈಕಾಲು ನಡುಗುತ್ತದೆ. ಒಂದು ಭಾನುವಾರ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಮದ್ದೂರಿನ ಕಡೆ ಹೊರಟೆ. 2023ರ ಆಗಸ್ಟ್ 1ರಿಂದ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಗೆ ಬೈಕು ಹತ್ತಿಸುವಂತಿಲ್ಲವಲ್ಲ, ಹಳೇ ರಸ್ತೆಯಲ್ಲೇ ಹೋಗುತ್ತಿದ್ದೆವು. ದಾರಿಯಲ್ಲಿ ಟಯರು ಪಂಚರ್. ಎದುರಿಗೇ ಹೆಸರುವಾಸಿ ಹೋಟೆಲು. ಹೆಸರು ಬೇಡ, ಇಂಥ ಹೋಟೆಲುಗಳು ಒಂದೆರಡಲ್ಲ. ‘ನೀವು ವಡೆ, ಕಾಫಿ ತಗೊಂಡು ಕೂತಿರಿ, ನಾನು ಪಂಚರ್ ಹಾಕಿಸಿಕೊಂಡು ಬರ್ತೀನಿ’ ಎಂದು ಅವರನ್ನು ಅಲ್ಲಿ ಬಿಟ್ಟು ಹೋದೆ.

ನಲವತ್ತು ನಿಮಿಷದ ಮೇಲೆ ಬಂದು ನೋಡಿದರೆ ದೊಡ್ಡಪ್ಪ ಮೂಲೆಯಲ್ಲಿ ಚೀಟಿ ಹಿಡಿದು ಹಾಗೇ ಕೂತಿದ್ದಾರೆ. ಮುಖ ಬಾಡಿದೆ. ಚೀಟಿಯಲ್ಲಿ 74 ಎಂದಿದೆ.

‘ಇನ್ನೂ ನಮ್ ನಂಬರ್ ಕೂಗಿಲ್ಲ ಕಣ್ಲಾ. ಜನ ಜಾಸ್ತಿ ಐತೆ. ಪಾಪ, ಅವರೇನ್ ಮಾಡ್ತಾರೆ?’ ಎಂದರು.

ಕೌಂಟರಿನಲ್ಲಿ ಕೂಗುತ್ತಿದ್ದ ಸಂಖ್ಯೆ ತೊಂಬತ್ತನ್ನು ದಾಟಿತ್ತು. ಕೂಗುತ್ತಿದ್ದುದು ಹಿಂದಿಯಲ್ಲಿ! ನಮ್ಮ ವಡೆಗಳು ಕೌಂಟರಿನ ತುದಿಯಲ್ಲಿ ತಣ್ಣಗೆ ಕೂತಿದ್ದವು, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ‘ಚೌಹತ್ತರ್’ ಎಂದು ಕೂಗಿದ್ದಾರೆ. ಒಮ್ಮೆಯಲ್ಲ, ಮೂರು ಸಲ. ಕೊತ್ತತ್ತಿಯ ರೈತನಿಗೆ ಚೌಹತ್ತರ್ ಅಂದರೆ ಎಪ್ಪತ್ನಾಲ್ಕು ಎಂದು ಯಾಕೆ ಗೊತ್ತಿರಬೇಕು? ಯಾವ ಕಾನೂನಿನಲ್ಲಿ ಬರೆದಿದೆ?

ಕ್ಯಾಷಿನಲ್ಲಿ ಕೂತಿದ್ದವನನ್ನು ಕೇಳಿದೆ. ‘ಕಾಲ್ಡ್ ತ್ರೀ ಟೈಮ್ಸ್ ಸಾರ್, ನೋಬಡಿ ಕೇಮ್’ ಎಂದ. ಯಾವ ಭಾಷೆಯಲ್ಲಿ ಕೂಗಿದಿರಿ ಎಂದೆ. ತಲೆ ಎತ್ತಿ ನೋಡಿದ. ಆಮೇಲೆ ಅಪ್ಪಟ ಮಂಡ್ಯದ ಕನ್ನಡದಲ್ಲೇ ಹೇಳಿದ: ‘ಏನ್ ಮಾಡದು ಸಾರ್, ಹುಡುಗ್ರೆಲ್ಲ ಆ ಕಡೆಯೋರು.’

ಇದನ್ನು ಓದಿ ನಿಮ್ಮ ರಕ್ತ ಕುದಿಯಬಹುದು. ಕುದಿಯಲಿ. ಆದರೆ ಆ ಸಿಟ್ಟು ಯಾರ ಮೇಲೆ ತಿರುಗಬೇಕು ಎಂದು ಮೊದಲು ಯೋಚಿಸಿ.

ಕೂಗುತ್ತಿದ್ದ ಹುಡುಗನ ಮೇಲೆ ಖಂಡಿತ ಅಲ್ಲ. ಊರು ಬಿಟ್ಟು ಸಾವಿರಾರು ಮೈಲಿ ಬಂದು, ಬೆಳಗಿನಿಂದ ರಾತ್ರಿಯವರೆಗೆ ಎಣ್ಣೆಯ ಹೊಗೆಯಲ್ಲಿ ನಿಂತು ದುಡಿಯುವ ಹುಡುಗ ಅವನು. ಅವನಿಗೆ ಗೊತ್ತಿರುವ ಭಾಷೆಯಲ್ಲಿ ಕೂಗಿದ. ಅವನಿಗೆ ಕನ್ನಡದಲ್ಲಿ ಒಂದರಿಂದ ನೂರರವರೆಗೆ ಎಣಿಸಲು ಯಾರೂ ಕಲಿಸಲಿಲ್ಲ. ಅವನ ಮುಖದ ಮುಂದೆ ಮೊಬೈಲ್ ಹಿಡಿದು ‘ಕನ್ನಡ ಮಾತಾಡೋ’ ಎಂದು ಗದರಿಸುವುದು ವೀರತನವಲ್ಲ. ಅದರಿಂದ ಕನ್ನಡಕ್ಕೆ ಬರುವುದು ಕೆಟ್ಟ ಹೆಸರು ಮಾತ್ರ.

ಕೇಳಬೇಕಾದುದು ಮಾಲೀಕನನ್ನು. ಮಾಲೀಕ ಯಾರು? ನಮ್ಮವನೇ! ನವೆಂಬರ್ ಒಂದಕ್ಕೆ ಹೋಟೆಲಿನ ಮುಂದೆ ಹಳದಿ ಕೆಂಪು ಬಾವುಟ ಕಟ್ಟಿಸುವವನು. ಬಾಗಿಲ ಮೇಲಿನ ಫಲಕವೂ ಕಾನೂನಿನ ಪ್ರಕಾರವೇ ಇದೆ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಕನ್ನಡ ಕಾರ್ಯಕರ್ತರು ಇಂಗ್ಲಿಷ್ ಫಲಕಗಳ ವಿರುದ್ಧ ಬೀದಿಗಿಳಿದರು, ಬಂಧನಕ್ಕೊಳಗಾದರು. 2024ರ ಫೆಬ್ರವರಿಯಲ್ಲಿ ಶಾಸನಸಭೆ ಕಾನೂನಿಗೆ ತಿದ್ದುಪಡಿ ತಂದು ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಲೇಬೇಕು ಎಂದಿತು. ಹೋರಾಟ ಗೆದ್ದಿತು ಎಂದು ನಾವೂ ಸಂತೋಷಪಟ್ಟೆವು.

ಆದರೆ ಆ ಕನ್ನಡ ಹೊಸ್ತಿಲಿಗೇ ನಿಂತುಬಿಟ್ಟಿದೆಯಲ್ಲ! ಹೊರಗೆ ಶೇಕಡ 60, ಒಳಗೆ ಸೊನ್ನೆ. ಒಳಗಿನ ತಿಂಡಿ ಪಟ್ಟಿ ಇಂಗ್ಲಿಷ್, ಬಿಲ್ಲು ಇಂಗ್ಲಿಷ್, ಟೇಬಲ್ಲಿಗೆ ಅಂಟಿಸಿದ ಚೌಕುಳಿ ಚಿತ್ರಕ್ಕೆ ಮೊಬೈಲ್ ಹಿಡಿದರೆ ಅದರಲ್ಲಿ ಬರುವುದೂ ಇಂಗ್ಲಿಷ್. ಕೂಗುವುದು ಹಿಂದಿ. ಫಲಕವನ್ನು ಅಧಿಕಾರಿ ಅಳೆದು ನೋಡಬಹುದು. ಒಳಗೆ ನಮ್ಮ ದೊಡ್ಡಪ್ಪ ಕಾದ ನಲವತ್ತು ನಿಮಿಷವನ್ನು ಅಳೆಯುವವರು ಯಾರು?

‘ಜನ ಜಾಸ್ತಿ, ತಡ ಆಗುತ್ತೆ, ಏನು ಮಾಡೋಣ’ ಎನ್ನುವ ನೆಪವೂ ಬೇಡ. ಕಾಯುವುದಕ್ಕೆ ಕನ್ನಡಿಗ ಎಂದೂ ಬೇಸರಪಟ್ಟವನಲ್ಲ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ನೋಡಿ. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲು. ಭಾನುವಾರ ಬೆಳಿಗ್ಗೆ ಅಲ್ಲಿ ಜನ ಗಂಟೆಗಟ್ಟಲೆ ಕಾದು ದೋಸೆ ತಿಂದು ಸಂತೋಷದಿಂದಲೇ ಮನೆಗೆ ಹೋಗುತ್ತಾರೆ. ತನ್ನ ಸರದಿ ಬಂದೇ ಬರುತ್ತದೆ, ಬಂದಾಗ ತನಗೆ ಗೊತ್ತಾಗುತ್ತದೆ ಎಂಬ ನಂಬಿಕೆ ಇದ್ದವನು ಎಷ್ಟು ಹೊತ್ತಾದರೂ ಕಾಯುತ್ತಾನೆ. ಸರದಿ ಬಂದು ಹೋದದ್ದೇ ತಿಳಿಯದೆ ಕೂರುವುದು ಕಾಯುವುದಲ್ಲ, ಅವಮಾನ. ಅದೂ ತನ್ನ ಊರಿನಲ್ಲಿ, ತನ್ನ ದುಡ್ಡು ಕೊಟ್ಟು!

ಎಲ್ಲಿ ನಡೆಯುತ್ತಿದೆ ಇದು, ನೋಡಿ. ಅಚ್ಚ ಕನ್ನಡದ ಮಂಡ್ಯ ಜಿಲ್ಲೆಯಲ್ಲಿ. 2024ರ ಡಿಸೆಂಬರ್ 20ರಿಂದ ಮೂರು ದಿನ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ನಡೆದ ನೆಲ. ಆ ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಹೋರಾಟವೇ ನಡೆಯಿತು. ನಡೆಯಲಿ, ಎಲೆಗೆ ಏನು ಬಡಿಸಬೇಕೆಂದು ಕೇಳುವ ಹಕ್ಕು ಜನಕ್ಕೆ ಇದೆ. ಯಾವ ಭಾಷೆಯಲ್ಲಿ ಬಡಿಸಬೇಕೆಂದು ಕೇಳುವ ಹಕ್ಕೂ ಇದೆಯಲ್ಲ? ಅದನ್ನು ಕೇಳುವವರು ಎಲ್ಲಿ?

ಕೆನಡಾ ದೇಶದಲ್ಲಿ ಕ್ವಿಬೆಕ್ ಎಂಬ ಪ್ರಾಂತ್ಯವಿದೆ. ಫ್ರೆಂಚ್ ಮಾತಾಡುವ ಜನ, ಸುತ್ತಲೂ ಇಂಗ್ಲಿಷಿನ ಸಮುದ್ರ. ಅವರು 1977ರಲ್ಲೇ ಕಾನೂನು ಮಾಡಿಕೊಂಡರು. ಅಂಗಡಿ ಹೋಟೆಲುಗಳಲ್ಲಿ ಗಿರಾಕಿಗೆ ಫ್ರೆಂಚಿನಲ್ಲಿ ಮಾಹಿತಿ ಪಡೆಯುವ, ಫ್ರೆಂಚಿನಲ್ಲಿ ಸೇವೆ ಪಡೆಯುವ ಹಕ್ಕಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದರು. ಫಲಕದ ಹಕ್ಕು ಬೇರೆ, ಸೇವೆಯ ಹಕ್ಕು ಬೇರೆ ಎಂದು ಅವರಿಗೆ ಸುಮಾರು ಅರ್ಧ ಶತಮಾನದ ಹಿಂದೆಯೇ ಹೊಳೆದಿತ್ತು. ನಾವು ಇನ್ನೂ ಫಲಕದ ಮುಂದೆಯೇ ನಿಂತಿದ್ದೇವೆ.

ಈಗ ಸ್ವಲ್ಪ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ. ಬೆಂಗಳೂರಿನ ಕನ್ನಡದ ಹುಡುಗ ಹುಡುಗಿಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಕೌಂಟರಿನ ಮುಂದೆ ನಿಂತಾಗ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ‘ಎರಡು ವಡೆ ಕೊಡಿ’ ಎನ್ನುತ್ತೀರೋ, ‘ಭಯ್ಯಾ, ದೋ ವಡಾ’ ಎನ್ನುತ್ತೀರೋ? ಎದುರಿಗೆ ಇರುವವನು ಕನ್ನಡದವನೋ ಅಲ್ಲವೋ ಎಂದು ಕೇಳುವ ಮುಂಚೆಯೇ ನಾವು ಭಾಷೆ ಬದಲಿಸಿಬಿಡುತ್ತೇವೆ. ನಾನೂ ಬದಲಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಬೇಗ ಕೆಲಸವಾಗಲಿ ಎಂಬ ಆಸೆ. ಆದರೆ ಹೋಟೆಲಿನವನು ನಮ್ಮ ನಾಲಿಗೆ ನೋಡಿಯೇ ಪಾಠ ಕಲಿಯುತ್ತಾನೆ. ಕನ್ನಡವಿಲ್ಲದೆ ವ್ಯಾಪಾರ ನಡೆಯುತ್ತದೆ ಎಂದು ಅವನಿಗೆ ತೋರಿಸಿಕೊಟ್ಟವರು ನಾವು. ನಾವು ಉಳಿಸಿಕೊಂಡ ಐದು ನಿಮಿಷವನ್ನು ಹಿಂದೆ ನಿಂತ ನಮ್ಮ ದೊಡ್ಡಪ್ಪಂದಿರು, ದೊಡ್ಡಮ್ಮಂದಿರು ಬಡ್ಡಿ ಸಮೇತ ಕಟ್ಟುತ್ತಿದ್ದಾರೆ.

ಹಾಗಾದರೆ ಏನು ಮಾಡಬೇಕು? ಬಂದ್ ಬೇಡ, ಕಲ್ಲು ಬೇಡ, ಗಾಜು ಒಡೆಯುವುದೂ ಬೇಡ. ಹೋಟೆಲು ಮಾಲೀಕರಿಂದ ನಾವು ಕೇಳುವುದು ನಾಲ್ಕೇ ನಾಲ್ಕು. ಒಂದು, ಚೀಟಿಯ ಸಂಖ್ಯೆಯನ್ನು ಮೊದಲು ಕನ್ನಡದಲ್ಲಿ ಕೂಗಿ, ಆಮೇಲೆ ಯಾವ ಭಾಷೆಯಲ್ಲಾದರೂ ಕೂಗಿಕೊಳ್ಳಿ. ಎರಡು, ತಿಂಡಿ ಪಟ್ಟಿ ಕನ್ನಡದಲ್ಲಿ ಇರಲಿ. ಮೂರು, ಕನ್ನಡ ಬಲ್ಲ ಒಬ್ಬರಾದರೂ ಕೌಂಟರಿನಲ್ಲಿ ಸದಾ ಇರಲಿ. ನಾಲ್ಕು, ಹೊರಗಿನಿಂದ ಬಂದ ಹುಡುಗರಿಗೆ ದಿನಕ್ಕೆ ಹತ್ತು ಅಂಕಿಯಂತೆ ಹತ್ತು ದಿನ ಕನ್ನಡ ಕಲಿಸಿ. ನೂರು ಅಂಕಿ ಮುಗಿಯಿತು! ಇದಕ್ಕೆ ಖರ್ಚೆಷ್ಟು? ಗೋಡೆಗೆ ಅಂಟಿಸಲು ಒಂದು ಮಗ್ಗಿ ಹಾಳೆ.

ಗಿರಾಕಿಗಳಾದ ನಾವು ಮಾಡಬೇಕಾದುದು ಇನ್ನೂ ಸುಲಭ. ಕನ್ನಡದಲ್ಲೇ ಕೇಳಿ. ಅರ್ಥವಾಗದಿದ್ದರೆ ನಗುನಗುತ್ತಾ ಎರಡನೇ ಸಲ ಕನ್ನಡದಲ್ಲೇ ಕೇಳಿ. ಆಗಲೂ ಆಗದಿದ್ದರೆ ಮಾಲೀಕನನ್ನು ಕರೆಸಿ. ಬರವಣಿಗೆಯಲ್ಲಿ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆಯ ಕೊರತೆ’ ಎಂಬ ಮಾತಿದೆ. ಗ್ರಾಹಕರ ದೂರಿಗೆ 1915 ಎಂಬ ಸಹಾಯವಾಣಿ ಇದೆ. ಒಂದು ವಡೆಗಾಗಿ ಕೋರ್ಟು ಹತ್ತಿ ಎಂದು ಹೇಳುತ್ತಿಲ್ಲ. ದುಡ್ಡು ಕೊಟ್ಟವನು ಭಿಕ್ಷೆ ಬೇಡಲು ಬಂದವನಲ್ಲ ಎಂಬುದು ಎರಡೂ ಕಡೆಯವರಿಗೆ ನೆನಪಿರಲಿ, ಅಷ್ಟೇ.

ಅವತ್ತು ಮಾಲೀಕ ಬಿಸಿ ವಡೆ ಮತ್ತೆ ಕೊಡಿಸಿದ. ದೊಡ್ಡಪ್ಪ ತಿಂದರು. ಹೊರಡುವಾಗ ಆ ಕೂಗುವ ಹುಡುಗನ ಹತ್ತಿರ ಹೋಗಿ ಚೀಟಿ ತೋರಿಸಿ, ‘ಎಪ್ಪತ್ನಾಲ್ಕು ಕಣಪ್ಪ, ಎಪ್ಪತ್ನಾಲ್ಕು’ ಎಂದು ಹೇಳಿಕೊಟ್ಟರು. ಹುಡುಗ ನಕ್ಕು ‘ಎಪ್ಪತ್‌ನಾಲ್ಕು’ ಎಂದ. ಒಂದೇ ಸಲಕ್ಕೆ ಬಂತು.

ಹುಡುಗ ಕಲಿಯಲು ಸಿದ್ಧನಿದ್ದಾನೆ. ಇಷ್ಟು ವರ್ಷ ಕಲಿಸದೆ ಗಲ್ಲಾಪೆಟ್ಟಿಗೆ ಎಣಿಸುತ್ತಾ ಕೂತ ನಮ್ಮ ಮಾಲೀಕರೇ, ಕೇಳದೆ ಬಾಯಿ ಮುಚ್ಚಿಕೊಂಡು ತಿಂದು ಬಂದ ನಮ್ಮ ಯುವಕರೇ, ಉತ್ತರ ಕೊಡಬೇಕಾದವರು ನಾವು!