ಸುಳ್ಳು ಹೇಳುವ ಮುಳ್ಳು

ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಸರಿಯಾಗಿ ತೋರಿಸುತ್ತಿಲ್ಲ ಎಂದು ಹೆಂಗಸೊಬ್ಬಳು ದೂರಿದರೆ ಅವಳಿಗೆ ಮೊದಲು ಸಿಗುವುದು ಉಪದೇಶ. "ಹಳೇ ಗಾಡಿ ಅಂದಮೇಲೆ ಹಾಗೇನೇ", "ಸ್ವಲ್ಪ ಅಂದಾಜಿನ ಮೇಲೆ ಓಡಿಸಬೇಕು", "ಓಡಿಸಿ ಓಡಿಸಿ ಗೊತ್ತಾಗುತ್ತೆ ಬಿಡಿ". ಗಂಡ, ಮೈದುನ, ಮೆಕ್ಯಾನಿಕ್, ಬಂಕಿನ ಹುಡುಗ, ಇವರೆಲ್ಲ ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದಿದ್ದರೂ ಇದೊಂದರಲ್ಲಿ ಒಂದಾಗಿಬಿಡುತ್ತಾರೆ. ನನ್ನ ತಕರಾರು ಇರುವುದು ಈ ಒಮ್ಮತದ ಮೇಲೆ.

ನಮ್ಮದು ೧೯೯೮ರ ಸಣ್ಣ ಕಾರು, ೨೦೦೯ರಲ್ಲಿ ಇನ್ನೊಬ್ಬರ ಕೈಯಿಂದ ನಮ್ಮ ಮನೆಗೆ ಬಂದದ್ದು. ಎಂಜಿನ್ ಗಟ್ಟಿ, ಬಾಗಿಲು ಭದ್ರ, ಮಳೆಗಾಲದಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮುಳ್ಳು ಮಾತ್ರ ಇಳಿಯುತ್ತ ಇಳಿಯುತ್ತ ಕಾಲುಭಾಗಕ್ಕೆ ಬಂದು ನಿಂತರೆ ಮುಗಿಯಿತು. ಟ್ಯಾಂಕಿನಲ್ಲಿ ಆರು ಲೀಟರ್ ಇರಲಿ, ಅರ್ಧ ಲೀಟರ್ ಇರಲಿ, ಅದರ ಮಟ್ಟಿಗೆ ಎಲ್ಲವೂ ಕಾಲುಭಾಗವೇ. ನಮ್ಮ ಯಜಮಾನರಿಗೆ ಇದು ಗೊತ್ತಿತ್ತು. ಕಾಲಿಗೆ ಬಂದಮೇಲೆ ಇಷ್ಟು ಕಿಲೋಮೀಟರ್ ಓಡುತ್ತದೆ, ಆಮೇಲೆ ಬಂಕಿಗೆ ಹೋಗಬೇಕು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ತಲೆಯಲ್ಲಿ ಮಾತ್ರ ಇತ್ತು.

ನಾವು ಹೆಂಗಸರಿಗೆ ಅಂದಾಜು ಹೊಸದೇನಲ್ಲ. ಗ್ಯಾಸ್ ಸಿಲಿಂಡರ್ ಇದೆಯಲ್ಲ, ಅದಕ್ಕೆ ಯಾವ ಮುಳ್ಳಿದೆ? ಒಳಗೆ ೧೪.೨ ಕಿಲೋ ಅನಿಲ, ಖಾಲಿ ಸಿಲಿಂಡರಿನ ತೂಕವನ್ನು ಮೇಲೇ ಬರೆದಿರುತ್ತಾರೆ. ಉಳಿದದ್ದನ್ನು ನಾವು ಅಲುಗಾಡಿಸಿ, ಎತ್ತಿ ನೋಡಿ, ತಂದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ತಿಳಿಯುತ್ತೇವೆ. ಹಿಂದಿನ ಬಜಾಜ್ ಚೇತಕ್ ಸ್ಕೂಟರಿನಲ್ಲೂ ರಿಸರ್ವ್ ಎಂಬ ಒಂದು ತಿರುಗಣೆ ಇತ್ತು. ಗಾಡಿ ಗೊರಗೊರ ಎಂದು ನಿಲ್ಲುವಾಗ ಅದನ್ನು ತಿರುಗಿಸಿ ಬಂಕಿನವರೆಗೆ ಹೋಗಬಹುದಿತ್ತು. ಸಿಲಿಂಡರೂ ಆ ತಿರುಗಣೆಯೂ ನಮಗೆ ಯಾವತ್ತೂ ಸುಳ್ಳು ಹೇಳಲಿಲ್ಲ, ಏಕೆಂದರೆ ತಾವು ಅಳೆಯುತ್ತೇವೆ ಎಂದು ಅವು ಹೇಳಿಕೊಂಡೇ ಇರಲಿಲ್ಲ. ಕಾರಿನ ಮುಳ್ಳು ಹಾಗಲ್ಲ. ಅದು ಕಣ್ಣೆದುರಿಗೆ ಕೂತು, ಅಂಕಿ ಗೆರೆಗಳ ಸಾಕ್ಷಿಯಲ್ಲಿ, ಇಲ್ಲದ್ದನ್ನು ಇದೆ ಎನ್ನುತ್ತದೆ. ಗೊತ್ತಿಲ್ಲ ಎನ್ನುವ ಹುಡುಗನಿಗೆ ಪಾಠ ಹೇಳಬಹುದು. ತಪ್ಪು ಉತ್ತರವನ್ನು ದಿಟ್ಟವಾಗಿ ಹೇಳುವವನ ಜೊತೆಗೆ ಬಹಳ ಹೆಣಗಬೇಕು ಎನ್ನುವುದು ತರಗತಿಯಲ್ಲಿ ನಾನು ದಿನವೂ ಕಾಣುವ ಸಂಗತಿ.

ಈ ಮುಳ್ಳು ಏನೋ ದೊಡ್ಡ ಯಂತ್ರರಹಸ್ಯ ಎಂದು ತಿಳಿಯಬೇಡಿ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ನೀರು ತುಂಬಿದಾಗ ನಲ್ಲಿಯನ್ನು ಮುಚ್ಚುವಂಥದು? ಅಂಥದೇ ಒಂದು ತೇಲು ಪೆಟ್ರೋಲ್ ಟ್ಯಾಂಕಿನಲ್ಲೂ ಇದೆ. ಅದಕ್ಕೊಂದು ತಂತಿಯ ತೋಳು. ತೋಳಿನ ಇನ್ನೊಂದು ತುದಿಯಲ್ಲಿ ಲೋಹದ ಪುಟ್ಟ ನಾಲಗೆ. ತೇಲು ಏರಿ ಇಳಿದ ಹಾಗೆ ಆ ನಾಲಗೆ ತೆಳ್ಳನೆಯ ತಂತಿ ಸುತ್ತಿದ ಪಟ್ಟಿಯ ಮೇಲೆ ಸರಿಯುತ್ತದೆ, ಹಾಯುವ ವಿದ್ಯುತ್ತು ಹೆಚ್ಚು ಕಡಿಮೆ ಆಗುತ್ತದೆ. ಹಳೆಯ ಅನೇಕ ಕಾರುಗಳಲ್ಲಿ ಮುಳ್ಳಿನ ಹಿಂದೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತದೆ. ವಿದ್ಯುತ್ತಿನಿಂದ ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಕೀಲಿ ತಿರುಗಿಸಿದಾಗ ಮುಳ್ಳು ನಿದ್ದೆಯಿಂದ ಏಳುವವರಂತೆ ಸಾವಕಾಶವಾಗಿ ಏಳುವುದು ಇದಕ್ಕೇ. ಇಷ್ಟೇ ಕಥೆ. ಪಟ್ಟಿ ಸವೆದರೆ ಮುಳ್ಳು ಕುಣಿಯುತ್ತದೆ. ತೇಲಿಗೆ ತೂತು ಬಿದ್ದು ಒಳಗೆ ಪೆಟ್ರೋಲ್ ಹೊಕ್ಕರೆ ತೇಲು ಮುಳುಗುತ್ತದೆ, ತುಂಬಿದ ಟ್ಯಾಂಕೂ ಖಾಲಿ ಎಂದು ಕಾಣುತ್ತದೆ. ಅರ್ತ್ ತಂತಿಗೆ ತುಕ್ಕು ಹಿಡಿದರೂ ಲೆಕ್ಕ ತಪ್ಪುತ್ತದೆ. ತೋಳು ಬಾಗಿದರೆ, ಅಥವಾ ಇಳಿಯುವ ದಾರಿಯಲ್ಲಿ ಸಿಕ್ಕಿಕೊಂಡರೆ, ನಮ್ಮ ಕಾರಿನಲ್ಲಿ ಆದದ್ದು ಆಗುತ್ತದೆ.

ಮುಳ್ಳಿಗೆ ಕೆಲವು ಹುಟ್ಟುಗುಣಗಳೂ ಇವೆ, ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಟ್ಯಾಂಕ್ ತುಂಬಿಸಿದ ಮೇಲೆ ಬಹಳ ದೂರ ಅದು ಮೇಲಿನ ಗೆರೆಯಿಂದ ಕದಲುವುದಿಲ್ಲ, ಆಮೇಲೆ ಸರಸರನೆ ಇಳಿಯುತ್ತದೆ. ಟ್ಯಾಂಕು ಕೊಡಪಾನದ ಹಾಗೆ, ಎಲ್ಲ ಕಡೆ ಒಂದೇ ಅಗಲವಿಲ್ಲ. ಹಾಗಾಗಿ ಮುಳ್ಳಿನ ಅರ್ಧ ಪೆಟ್ರೋಲಿನ ಅರ್ಧವೇ ಆಗಬೇಕೆಂದಿಲ್ಲ. ಆಗುಂಬೆ ಘಾಟಿಯ ೧೪ ತಿರುವುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ವಾಲುವುದರಿಂದ ಮುಳ್ಳೂ ವಾಲುತ್ತದೆ, ಸಮತಟ್ಟಿಗೆ ಬಂದಾಗ ಸರಿಹೋಗುತ್ತದೆ. "ಹಳೇ ಗಾಡಿ ಹಾಗೇನೇ" ಎನ್ನುವವರು ಮಾಡುವ ಮೋಸವೆಂದರೆ, ಈ ಹುಟ್ಟುಗುಣವನ್ನೂ ಕೆಟ್ಟುಹೋದ ಭಾಗವನ್ನೂ ಒಂದೇ ಚೀಲಕ್ಕೆ ತುಂಬುವುದು. ಒಂದಕ್ಕೆ ಹೊಂದಿಕೊಳ್ಳಬೇಕು, ಒಪ್ಪಿದೆ. ಇನ್ನೊಂದನ್ನು ಬಿಚ್ಚಿ ಸರಿಮಾಡಬೇಕು.

೨೦೧೬ರ ಜುಲೈಯಲ್ಲಿ ನನ್ನ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುತ್ತಿದ್ದೆ. ಮಂಡಗದ್ದೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಜಡಿಮಳೆ, ಎರಡೂ ಕಡೆ ಕಾಡು. ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಮುಳ್ಳು ಕಾಲುಭಾಗದಲ್ಲಿ ನಿಶ್ಚಿಂತೆಯಿಂದ ಇತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎಪ್ಪತ್ತೆಂಟರ ಅಮ್ಮ "ಏನಾಯ್ತೇ, ಏನಾಯ್ತೇ" ಎನ್ನುತ್ತ ಹಿಂದಿನ ಸೀಟಿನಲ್ಲಿ. ಮುಕ್ಕಾಲು ಗಂಟೆಯ ಮೇಲೆ ಒಂದು ಹಾಲಿನ ವ್ಯಾನಿನವರು ಕ್ಯಾನಿನಲ್ಲಿ ಪೆಟ್ರೋಲ್ ತಂದುಕೊಟ್ಟರು. ಮನೆಗೆ ಬಂದಾಗ ಕೇಳಿದ ಮಾತು: "ಆ ಕಾರಲ್ಲಿ ಕಾಲು ಅಂದ್ರೆ ಖಾಲಿ ಅಂತ, ಅಷ್ಟೂ ಗೊತ್ತಿಲ್ವಾ?" ಯಾರು ಹೇಳಿದ್ದರು ನನಗೆ? ಯಾರೂ ಇಲ್ಲ. ವಾರದೊಳಗೆ ನೆಂಟರಿಷ್ಟರಲ್ಲಿ ಸುದ್ದಿ ಹಬ್ಬಿದ್ದು ಹೀಗೆ: ಟೀಚರು ಪೆಟ್ರೋಲ್ ಹಾಕಿಸದೆ ಕಾರು ತೆಗೆದುಕೊಂಡು ಹೋಗಿದ್ದರಂತೆ. ಮುಳ್ಳಿನ ಸುದ್ದಿ ಯಾರೂ ಎತ್ತಲಿಲ್ಲ.

ಕಾರು ಮನೆಯವರೆಲ್ಲರದು ಎನ್ನುತ್ತೇವೆ. ಒಬ್ಬರಿಗೆ ಮಾತ್ರ ಓದಲು ಬರುವ ಮುಳ್ಳಿರುವ ಕಾರು ಎಲ್ಲರದು ಹೇಗಾದೀತು?

"ಯಾವಾಗಲೂ ಅರ್ಧ ಟ್ಯಾಂಕಿನ ಮೇಲೇ ಇಟ್ಟುಕೊಂಡರಾಯಿತು" ಎನ್ನುವವರೂ ಇದ್ದಾರೆ. ಕೇಳಲು ಚೆನ್ನ. ೧೯೮೩ರಿಂದ ೨೦೧೪ರವರೆಗೆ ತಯಾರಾಗಿ ನಮ್ಮ ಊರುಗಳನ್ನೆಲ್ಲ ತುಂಬಿದ ಮಾರುತಿ ೮೦೦ ಕಾರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರ ಟ್ಯಾಂಕಿಗೆ ೨೮ ಲೀಟರ್. ೨೦೨೧ರಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿತು. ಆಮೇಲೆ ೫೦೦ರ ನೋಟಿಗೆ ಸಿಗುವುದು ಐದು ಲೀಟರಿನ ಆಸುಪಾಸು, ಅಂದರೆ ಟ್ಯಾಂಕಿನ ಕಾಲುಭಾಗಕ್ಕೂ ಕಡಿಮೆ. ನಮ್ಮಲ್ಲಿ ಎಷ್ಟು ಜನ ಹೆಂಗಸರು ಒಂದೇ ಸಲಕ್ಕೆ ಟ್ಯಾಂಕ್ ತುಂಬಿಸುತ್ತೇವೆ? ತರಕಾರಿ, ಫೀಸು, ಔಷಧಿ ಎಲ್ಲ ಕಳೆದು ಪರ್ಸಿನಲ್ಲಿ ಉಳಿದ ನೋಟನ್ನು ಬಂಕಿನಲ್ಲಿ ಚಾಚುವವರು ನಾವು. ನಮ್ಮ ಓಡಾಟವೆಲ್ಲ ಟ್ಯಾಂಕಿನ ಆ ಕೆಳಗಿನ ಕಾಲುಭಾಗದಲ್ಲೇ ನಡೆಯುವುದು, ಮುಳ್ಳು ಸುಳ್ಳಾಡುವುದೂ ಅಲ್ಲೇ. ತುಂಬಿಸಿಕೊಂಡು ಓಡಾಡುವವರಿಗೆ ಅದು ತಪ್ಪು ತೋರಿಸಿದರೂ ನಷ್ಟವಿಲ್ಲ, ಉಪದೇಶ ಕೊಡುವುದಕ್ಕೂ ಅವರಿಗೇ ಬಿಡುವು.

ಬಂಕಿನಲ್ಲಿ ಅಳತೆಯ ಬಗ್ಗೆ ಅನುಮಾನ ಬಂದರೆ ಮುದ್ರೆಯೊತ್ತಿದ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿಸಿ ನೋಡುವ ಹಕ್ಕು ಗಿರಾಕಿಗೆ ಇದೆ. ಕೇಳಿ ನೋಡಿ, ಕೊಡಲೇಬೇಕು. ಆದರೆ ಅನುಮಾನ ಬರುವುದಕ್ಕಾದರೂ ನಮ್ಮ ಮುಳ್ಳು ನೆಟ್ಟಗಿರಬೇಡವೇ? ಹಾಕಿಸಿದ್ದು ಐದು ಲೀಟರೋ ನಾಲ್ಕೂವರೆಯೋ, ಕಾಲುಭಾಗದಲ್ಲಿ ಬೇರೂರಿದ ಮುಳ್ಳಿನಿಂದ ಏನು ತಿಳಿದೀತು?

ರಿಪೇರಿಗೆ ದುಡ್ಡಿಲ್ಲ ಎನ್ನುವ ಹಾಗೂ ಇಲ್ಲ. ನಮ್ಮದೇ ಕಾರಿಗೆ ಆ ವರ್ಷ ಹೊಸ ಸೀಟ್ ಕವರ್ ಬಂತು, ಹಾಡು ಹಾಕುವ ಪೆಟ್ಟಿಗೆ ಬಂತು, ಹಿಂದಿನ ಗಾಜಿಗೆ ದೇವರ ಚಿತ್ರವೂ ಬಂತು. ಮೆಕ್ಯಾನಿಕ್‌ನ ಹತ್ತಿರ ನಾನೇ ಹೋದೆ. "ಅದಕ್ಕೆಲ್ಲ ಯಾಕೆ ಮೇಡಂ ಖರ್ಚು, ಸಾರ್‌ಗೆ ಗೊತ್ತಲ್ಲ" ಎಂದ. ಸಾರ್‌ಗೆ ಗೊತ್ತಿರುವುದೇ ನನ್ನ ತೊಂದರೆ ಎಂದು ಅವನಿಗೆ ವಿವರಿಸುವುದು ಒಂಬತ್ತನೇ ತರಗತಿಗೆ ವ್ಯಾಕರಣ ಕಲಿಸುವುದಕ್ಕಿಂತ ಕಷ್ಟವಾಯಿತು. ಕೊನೆಗೆ ಟ್ಯಾಂಕಿನಿಂದ ತೆಗೆದು ಕೆಳಗಿಟ್ಟಾಗ ನೋಡಿದರೆ, ತೋಳು ನನ್ನ ಕಿರುಬೆರಳಿನಷ್ಟು ಸೊಟ್ಟಗಾಗಿತ್ತು. (ಇದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ, ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.)

ಹೊಸ ಭಾಗ ಬರುವುದಕ್ಕೆ ಹದಿನೈದು ದಿನ ಬೇಕೆಂದರು. ಅಲ್ಲಿಯವರೆಗೆ "ಕಾಲು ಎಂದರೆ ಖಾಲಿ" ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿಯನ್ನು ಮುಳ್ಳಿನ ಪಕ್ಕಕ್ಕೆ ಅಂಟಿಸಿದೆ. ನಮ್ಮ ಮೈದುನ ಅದನ್ನು ನೋಡಿ ಮುಖ ಗಂಟಿಕ್ಕಿಕೊಂಡ. "ಅತ್ತಿಗೆ, ಅದನ್ನು ಕಿತ್ತುಹಾಕಿ. ನಾಳೆ ಕಾರು ಮಾರೋಣ ಅಂದರೆ, ಕೊಳ್ಳೋಕೆ ಬಂದವರು ಓದಿಬಿಟ್ಟಾರು."