ಕರಕಿ ಕಿತ್ತು ಪ್ಲಾಸ್ಟಿಕ್ ಹಾಸಿದವರು

ಹುಬ್ಬಳ್ಳಿ-ಧಾರವಾಡದ ಮೈದಾನಗಳಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ‘ಟರ್ಫ್’ ಅಂದ್ರೆ ಒಂದೇ ಅರ್ಥ ಇತ್ತು: ಮ್ಯಾಟ್ ಹಾಸದ, ಮಣ್ಣಿಗೆ ನೀರುಣಿಸಿ ರೋಲರ್ ಉರುಳಿಸಿ ಮಾಡಿದ ಅಸಲಿ ಪಿಚ್. ‘ಟರ್ಫ್ ವಿಕೆಟ್ ಮ್ಯಾಲೆ ಆಡಿ ಬಂದೇನಿ’ ಅಂದವನಿಗೆ ಓಣಿಯಲ್ಲಿ ಬೇರೆಯೇ ಗತ್ತು. ಈಗ ಆ ಪದದ ಅರ್ಥವೇ ತಿರುಗಿಬಿಟ್ಟಿದೆ. ಟರ್ಫ್ ಅಂದ್ರೆ ಹಸಿರು ಪ್ಲಾಸ್ಟಿಕ್. ತಾಸಿಗಿಷ್ಟು ಅಂತ ಬಾಡಿಗೆಗೆ ಸಿಗುವ ಬಾಕ್ಸ್ ಕ್ರಿಕೆಟ್ ಅಂಗಳದಿಂದ ಹೊರಟು ಅದು ಮನೆಯ ಹಿತ್ತಲಿಗೂ ಬಂದಿದೆ. ಒಳ್ಳೇ ಪಗಾರ, ದೊಡ್ಡ ಪ್ಲಾಟು ಇದ್ದವರು ಪ್ಯಾರಲ ಗಿಡ ಕಡಿದು, ನೆಲ ಸಪಾಟು ಮಾಡಿ ಕೋರ್ಟ್ ಹಾಕಿಸುತ್ತಿದ್ದಾರೆ. ಅವರ ರೊಕ್ಕ, ಅವರ ಜಾಗ, ನಿನಗ್ಯಾಕೋ ಮಾರಾಯ ಅಂತೀರಾ? ಜಾಗ ಅವರದು, ಖರೆ. ಅದರ ಮೇಲೆ ಬೀಳುವ ಮಳೆ, ಅದರ ಕೆಳಗಿನ ನೀರು ಅವರೊಬ್ಬರದಲ್ಲ.

ಮಾರುವವರ ಮಾತು ನಿಮಗೂ ಗೊತ್ತು: ‘ನೀರು ಬ್ಯಾಡ್ರೀ, ಕತ್ತರಿಸೂದು ಬ್ಯಾಡ್ರೀ, ಒಮ್ಮೆ ಹಾಕಿಸಿ ಮರತುಬಿಡ್ರೀ.’ ನಳದ ನೀರಿಗೆ ದಿನ ಎಣಿಸುವ ಊರಲ್ಲಿ ಈ ಮಾತು ಸೀದಾ ಎದೆಗೇ ನಾಟುತ್ತದೆ. ಆದರೆ ಈ ಹುಲ್ಲು ಹೆಸರು ಮಾಡಿದ್ದು ಹೇಗೆ ಅಂತ ಕೇಳಿ. 1965ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಸ್ಟ್ರೋಡೋಮ್ ಎಂಬ ಚಾವಣಿಯ ಕೆಳಗಿನ ಸ್ಟೇಡಿಯಂ ಶುರುವಾಯಿತು. ಚಾವಣಿಯಿಂದ ತೂರಿಬರುವ ಬೆಳಕಿಗೆ ಕಣ್ಣು ಕುಕ್ಕಿ ಬೇಸ್‌ಬಾಲ್ ಆಟಗಾರರಿಗೆ ಚೆಂಡೇ ಕಾಣದಾಯಿತು. ಚಾವಣಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ಕೃತಕ ಹುಲ್ಲು ಹಾಸಿದರು. ಅದಕ್ಕೆ ಆಸ್ಟ್ರೋಟರ್ಫ್ ಅನ್ನೋ ಹೆಸರು ಬಂದದ್ದೇ ಆ ಸ್ಟೇಡಿಯಂನಿಂದ. ಬಿಸಿಲು ಬೀಳದ ಜಾಗದಲ್ಲಿ ಹೆಸರು ಮಾಡಿದ ಉಪಾಯವನ್ನು ತಂದು ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿಗೆ ಹರವುವುದು ಯಾವ ಊರಿನ ಶಾಣ್ಯಾತನ?

ಜೀವಂತ ಹುಲ್ಲು ನೀರಾವಿ ಬಿಟ್ಟು ತನ್ನನ್ನು ತಾನು ತಂಪು ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ಗೊತ್ತಿಲ್ಲ. ನೆತ್ತಿ ಸುಡುವ ಬಿಸಿಲಲ್ಲಿ ಟರ್ಫಿನ ಮೇಲ್ಮೈ 60 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಬರಿಗಾಲಿನ ಮಕ್ಕಳನ್ನು ಅದರ ಮೇಲೆ ಬಿಡ್ತೀರಾ? ಇಲ್ಲ, ಪೈಪ್ ಹಿಡಿದು ನೀರು ಹೊಡೀತೀರಿ. ‘ನೀರು ಬ್ಯಾಡ್ರೀ’ ಅಂದಿದ್ದು ಯಾರಪಾ?

ಇನ್ನು ಕೆಳಗಿನ ಕಥೆ. ಹುಬ್ಬಳ್ಳಿ ಕಡೆಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕೋರ್ಟ್ ಹಾಸಿದರೆ ಎರಡು ಮಳೆಗಾಲದಲ್ಲಿ ಅಲೆ ಅಲೆ ಆಗುತ್ತದೆ. ಅದಕ್ಕೇ ಮೇಲ್ಮಣ್ಣು ತೆಗೆದು, ಖಡಿ ತುಂಬಿ, ರೋಲರ್ ಹೊಡೆದು ಗಟ್ಟಿ ಮಾಡುತ್ತಾರೆ. ಕೆಲವರು ಕಾಂಕ್ರೀಟೇ ಸುರಿಯುತ್ತಾರೆ. ಈಗ ಸಣ್ಣದೊಂದು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್. ವರ್ಷದ ಮಳೆ 700 ಮಿ.ಮೀ. ಅಂತ ಹಿಡೀರಿ, ಗುಂಟೆಗೆ 70 ಸಾವಿರ ಲೀಟರ್ ಆಯ್ತು. ಅಷ್ಟೂ ನೆಲದೊಳಗೆ ಇಳಿಯುತ್ತಿತ್ತು ಅಂತ ನಾನು ಹೇಳೋದಿಲ್ಲ, ಎರಿ ನೆಲ ಸಾವಕಾಶ ಕುಡಿಯುವಂಥದ್ದು. ಆದರೆ ಕುಡಿಯುವ ಬಾಯನ್ನೇ ಮುಚ್ಚಿದರೆ ನೀರು ಹೋಗುವುದು ಗಟಾರಕ್ಕೆ, ಅಲ್ಲಿಂದ ತಗ್ಗಿನಲ್ಲಿರುವವರ ಮನೆಗೆ. ನಮ್ಮದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಪಂಪ್ ಮಾಡಿ ತಂದ ನೀರು ಕುಡಿಯುವ ಊರು. ಮುಗಿಲಿಂದ ಪುಕ್ಕಟೆ ಬಂದದ್ದನ್ನು ಗಟಾರಕ್ಕೆ ಬಿಟ್ಟು, ಮಾರ್ಚಿಯಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದು ನಮಗೆ ಶೋಭಿಸುವುದಿಲ್ಲ.

ಟರ್ಫಿನ ಎಳೆಗಳ ನಡುವೆ ಸುರಿಯುವ ಕರೀ ರಬ್ಬರ್ ಹರಳು ಬೂಟಿಗೆ ಅಂಟಿ ಮನೆಯೊಳಗೂ ಬರುತ್ತವೆ, ಮಳೆಗೆ ಕೊಚ್ಚಿ ಹೊರಗೂ ಹೋಗುತ್ತವೆ. ಯುರೋಪಿಯನ್ ಒಕ್ಕೂಟ 2023ರಲ್ಲೇ ನಿಯಮ ಮಾಡಿ, ಇಂಥ ಹರಳಿನ ಮಾರಾಟವನ್ನು 2031ರಿಂದ ಬಂದ್ ಮಾಡಲು ತೀರ್ಮಾನಿಸಿದೆ. ಅವರು ಬಿಡುತ್ತಿರುವುದನ್ನು ನಾವು ಇಎಂಐ ಮೇಲೆ ತರುತ್ತಿದ್ದೇವೆ. ಅದೂ ಹೆಚ್ಚೆಂದರೆ ಹತ್ತು-ಹನ್ನೆರಡು ವರ್ಷದ ಮಾಲು. ಮನೆಸಾಲ ತೀರುವ ಮೊದಲೇ ಟರ್ಫ್ ತೀರಿರುತ್ತದೆ. ಸುತ್ತಿಟ್ಟ ಆ ಟನ್‌ಗಟ್ಟಲೆ ಕಸವನ್ನು ಯಾವ ಗಾಡಿಗೆ ಹಾಕ್ತೀರಿ?

‘ಮಕ್ಕಳು ಮೊಬೈಲ್ ಬಿಟ್ಟು ಆಡ್ತಾವ್ರೀ’ ಅನ್ನುವುದು ಕಡೆಯ ಅಸ್ತ್ರ. ಯಾರ ಜೊತೆ ಆಡ್ತಾವೆ? ಆರಡಿ ಕಂಪೌಂಡಿನ ಒಳಗೆ, ಗೇಟಿನ ಬೆಲ್ ಒತ್ತಿ ಬರಬೇಕಾದ ಕೋರ್ಟಿಗೆ ಎಷ್ಟು ಮಕ್ಕಳು ಬಂದಾವು? ಎದುರಾಳಿ ಇಲ್ಲದ ಆಟಕ್ಕೆ ಎರಡು ತಿಂಗಳ ಆಯುಷ್ಯ. ಆಮೇಲೆ ಅಲ್ಲಿ ಕಾರು ನಿಲ್ಲುತ್ತದೆ, ಇಲ್ಲಾ ಹಪ್ಪಳ ಒಣಗುತ್ತವೆ.

ಸಿಂಥೆಟಿಕ್ ಟರ್ಫೇ ಬೇಡ ಅನ್ನುವ ಹಟ ನನಗಿಲ್ಲ. 1975ರಲ್ಲಿ ಹುಲ್ಲಿನ ಮೇಲೆ ಹಾಕಿ ವಿಶ್ವಕಪ್ ಗೆದ್ದ ಭಾರತ, ಒಲಿಂಪಿಕ್ಸ್ ಹಾಕಿ ಮೊದಲ ಸಲ ಕೃತಕ ಟರ್ಫಿಗೆ ಬಂದ 1976ರ ಮಾಂಟ್ರಿಯಲ್‌ನಲ್ಲಿ ಏಳನೇ ಸ್ಥಾನಕ್ಕೆ ಕುಸಿಯಿತು. ನಮ್ಮ ಹುಡುಗ-ಹುಡುಗಿಯರು ಮೇಲಿನ ಹಂತದ ಹಾಕಿ ಆಡಬೇಕಿದ್ದರೆ ಅದರ ಮೇಲೇ ಪಳಗಬೇಕು. ನೂರಾರು ಮಂದಿ ಓಡುವ ಸಾರ್ವಜನಿಕ ಮೈದಾನಕ್ಕೆ ಅದು ಬೇಕಾದೀತು. ಇಬ್ಬರು ಮಕ್ಕಳ ಹಿತ್ತಲಿಗೆ ಯಾತಕ್ಕೆ?

ಹಿತ್ತಲಲ್ಲಿ ಆಗಲೇ ಒಂದು ಟರ್ಫ್ ಇದೆ: ಕರಕಿ. ಗಣಪ್ಪಗ ಏರಿಸುವ ಅದೇ ಗರಿಕೆ. ಜಗತ್ತು ಅದನ್ನು ಬರ್ಮುಡಾ ಗ್ರಾಸ್ ಅಂತ ಕರೆದು, ರೊಕ್ಕ ಸುರಿದು ಕ್ರೀಡಾಂಗಣಗಳಲ್ಲಿ ಬೆಳೆಸುತ್ತದೆ. ಬ್ಯಾಸಗಿಯಲ್ಲಿ ಒಣಗಿ ಸತ್ತಂತೆ ಕಾಣುತ್ತದೆ, ಮಿರಗದ ಮಳೆ ಬಿದ್ದ ವಾರದಲ್ಲಿ ಚಿಗುರಿ ನಿಲ್ಲುತ್ತದೆ. ಪಿಚ್ ಮಾಡುವವರು ಹುಡುಕಿಕೊಂಡು ಹೋಗುವ ಜಿಗುಟು ಕರೀ ಮಣ್ಣೂ ನಮ್ಮ ಕಾಲಡಿಯಲ್ಲೇ ಇದೆ. ಕಲ್ಲು ಆರಿಸಿ, ನಾಲ್ಕು ಸಲ ರೋಲರ್ ಎಳೆದು, ಎರಡು ಕಂಬಕ್ಕೆ ನೆಟ್ ಕಟ್ಟಿ. ಉಳಿದ ರೊಕ್ಕದಲ್ಲಿ ಓಣಿಯ ಮೈದಾನಕ್ಕೊಂದು ಲೈಟ್ ಹಾಕಿಸಿ, ಗೇಟ್ ತೆಗೆದು ಮಕ್ಕಳನ್ನು ಅಲ್ಲಿಗೆ ಅಟ್ಟಿ. ಮಣಕಾಲು ಕೆತ್ತಿಸಿಕೊಂಡು ಬರಲಿ. ಮಣ್ಣಿನ ಗಾಯ ವಾರದಲ್ಲಿ ಮಾಯುತ್ತದೆ, ನೆಲಕ್ಕೆ ಹಾಕಿದ ಪ್ಲಾಸ್ಟಿಕ್ ಮೊಮ್ಮಕ್ಕಳ ಕಾಲಕ್ಕೂ ಮಾಯುವುದಿಲ್ಲ.