ಮೂವತ್ತು ದಿನದ ಕಛೇರಿ

2025ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಒಂದು ನಿಯಮ ತಂದಿತು. ಲೈವ್ ಆಗಿ ಬಿತ್ತರಿಸಿದ ವಿಡಿಯೊ ಪುಟದಲ್ಲಿ ಉಳಿಯುವುದು ಇನ್ನು 30 ದಿನ ಮಾತ್ರ. ಹಳೆಯ ಲೈವ್‌ಗಳನ್ನೂ ಕಂತುಕಂತಾಗಿ ಅಳಿಸುವುದಾಗಿ ಹೇಳಿತು. ಬೇಕಾದವರು ನೋಟಿಸ್ ತಲುಪಿದ 90 ದಿನದೊಳಗೆ ಇಳಿಸಿಕೊಳ್ಳಬೇಕು. ಮೈಸೂರಿನ ಸಂಗೀತ ಸಭೆಗಳಲ್ಲಾಗಲಿ ವಿಜ್ಞಾನ ಬಳಗಗಳಲ್ಲಾಗಲಿ ಇದರಿಂದ ಗಾಬರಿಯಾದಂತೆ ಕಾಣಲಿಲ್ಲ. ಆಗಬೇಕಿತ್ತು.

ಲಾಕ್‌ಡೌನ್ ದಿನಗಳನ್ನು ನೆನೆಯಿರಿ. ಸಭಾಂಗಣಗಳಿಗೆ ಬೀಗ ಬಿದ್ದಿದ್ದಾಗ ಕಲಾವಿದರು ನಡುಮನೆಯಲ್ಲೇ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ ಹಾಡಿದರು. 2020ರ ಜೂನ್ 21ರ ಸೂರ್ಯಗ್ರಹಣವನ್ನು ಎಷ್ಟೋ ಮಕ್ಕಳು ನೋಡಿದ್ದೇ ಮೊಬೈಲ್ ಪರದೆಯಲ್ಲಿ, ಯಾರೋ ಮೇಷ್ಟರ ಕನ್ನಡ ವಿವರಣೆಯ ಜೊತೆಗೆ. ಅದರಲ್ಲಿ ಎಷ್ಟು ಉಳಿದಿದೆ, ಎಷ್ಟು ಹೋಗಿದೆ? ಪಟ್ಟಿ ಇಟ್ಟವರು ಊರಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೊರಗೆ ಬರಲಿ.

'ನೆಟ್‌ನಲ್ಲಿ ಇದೆಯಲ್ಲ, ಎಲ್ಲಿ ಹೋಗುತ್ತೆ?' ಎನ್ನುವುದು ರೂಢಿಯ ಮಾತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಎಲ್ಲಿ ಹೋಯಿತೆಂದು ಗೊತ್ತಾಯಿತು. ಮೈಸ್ಪೇಸ್ ಎಂಬ ತಾಣ 12 ವರ್ಷಗಳಲ್ಲಿ ಜನ ಏರಿಸಿದ್ದ ಸಂಗೀತವನ್ನು ಸರ್ವರ್ ಬದಲಾಯಿಸುವಾಗ ಕಳೆದುಕೊಂಡು, 2019ರಲ್ಲಿ ಕ್ಷಮೆ ಕೇಳಿ ಸುಮ್ಮನಾಯಿತು. ಯೂಟ್ಯೂಬ್ ಅಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಅಲ್ಲೂ 90 ದಿನದಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ರದ್ದಾಗಬಹುದು. ಲೈವ್ 12 ಗಂಟೆ ದಾಟಿದರೆ ತಾನಾಗಿ ಉಳಿಯುವುದಿಲ್ಲ. ಅಹೋರಾತ್ರಿ ಕಾರ್ಯಕ್ರಮ ಮಾಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಇನ್ನು ಹಕ್ಕು ಹುಡುಕುವ ಯಂತ್ರದ ಕಥೆ. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಕೃತಿಗೆ ಒಡೆಯರಿಲ್ಲ. ಆದರೂ ಅದನ್ನು ಯಾವುದೋ ಕಂಪನಿಯ ಧ್ವನಿಮುದ್ರಿಕೆಯೆಂದೇ ತಿಳಿದು ಯಂತ್ರ ವಿಡಿಯೊ ತಡೆಯುವುದುಂಟು. ಸಂಗೀತಗಾರರ ಈ ದೂರು ಹಳೆಯದು. ಕಂಪನಿಗಳನ್ನು ಬೈದು ಫಲವಿಲ್ಲ. ನಾವಿರುವುದು ಕರಾರುಪತ್ರವಿಲ್ಲದ ಬಾಡಿಗೆ ಮನೆಯಲ್ಲಿ, ಅದೂ ಬಾಡಿಗೆ ಕೊಡದೆ.

ಹೋದರೆ ಹೋಗಲಿ ಎನ್ನುವ ಸರಕೂ ಇದಲ್ಲ. ವೀಣೆ ಶೇಷಣ್ಣನವರು 1926ರಲ್ಲಿ ತೀರಿಕೊಂಡರು. ಅವರ ಎಡಗೈ ಹೇಗೆ ಓಡುತ್ತಿತ್ತು ಎಂಬುದನ್ನು ನಾವು ಓದಿ ಊಹಿಸಿಕೊಳ್ಳಬೇಕು. ಇವತ್ತು ಅವರ ಹೆಸರಿನದೇ ಕುವೆಂಪುನಗರದ ಭವನದಲ್ಲಿ ಯಾರಾದರೂ ವೀಣೆ ಹಿಡಿದು ಕೂತರೆ, ಬೆರಳು ಯಾವ ಮೆಟ್ಟಿಲ ಮೇಲೆ ನಿಂತಿತು, ತಂತಿಯನ್ನು ಎಷ್ಟು ಎಳೆಯಿತು, ಬಲಗೈ ಮೀಟು ಎಲ್ಲಿ ಬಿತ್ತು ಎನ್ನುವುದನ್ನು ಹುಣಸೂರಿನ ಹುಡುಗಿಯೊಬ್ಬಳು ನಿಲ್ಲಿಸಿ, ಹಿಂದೆ ಓಡಿಸಿ, ನಿಧಾನ ಮಾಡಿ ನೋಡಬಹುದು. ಕ್ಯಾಸೆಟ್ಟಿಗೆ ಈ ಶಕ್ತಿ ಇರಲಿಲ್ಲ. ವಿಜ್ಞಾನದಲ್ಲೂ ಹಾಗೆಯೇ. ಈ ಊರಿನಲ್ಲಿದ್ದುಕೊಂಡು ಖಗೋಳ ಮತ್ತು ಸಂಗೀತ ವಿಮರ್ಶೆ ಎರಡನ್ನೂ ಬರೆದ ಜಿ.ಟಿ. ನಾರಾಯಣರಾಯರು 2008ರಲ್ಲಿ ಹೋದರು. ಪುಸ್ತಕಗಳಿವೆ, ಬೋರ್ಡಿನ ಮುಂದೆ ಅವರನ್ನು ಕಾಣುವ ಭಾಗ್ಯ ಹೊಸ ತಲೆಮಾರಿಗೆ ಅಷ್ಟಾಗಿ ಇಲ್ಲ. ಸಿಎಫ್‌ಟಿಆರ್‌ಐ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮರು 'ಜಾಣಸುದ್ದಿ' ಎಂದು ಕನ್ನಡದಲ್ಲಿ ವಿಜ್ಞಾನವನ್ನು ಕಿವಿಗೆ ಮುಟ್ಟಿಸಿದರು. ಹೀಗೆ ಒಬ್ಬೊಬ್ಬರ ಛಲದ ಮೇಲೆ ನಿಂತದ್ದು ಕನ್ನಡದ ವಿಜ್ಞಾನ. ಸಂಸ್ಥೆಗಳನ್ನೇ ನಂಬುವಂತಿಲ್ಲ: ಕೇಂದ್ರ ಸರ್ಕಾರದ ವಿಜ್ಞಾನ್ ಪ್ರಸಾರ್ 1989ರಲ್ಲಿ ಹುಟ್ಟಿ 2023ರಲ್ಲಿ ಬಾಗಿಲು ಹಾಕಿತು.

ಈಗಲೇ ಕಾಣುತ್ತಿರುವ ಇನ್ನೊಂದು ರೋಗವಿದೆ. ಕಛೇರಿಯ ವಿಡಿಯೊ ಸಿಗುತ್ತದೆ, ತಲೆಬರಹ 'ಕಛೇರಿ ಭಾಗ 2'. ರಾಗ ಬರೆದಿಲ್ಲ, ದಿನಾಂಕ ಬರೆದಿಲ್ಲ, ಮೃದಂಗ ಯಾರದೆಂದು ಕೇಳಿದರೆ ಕಾಮೆಂಟಿನಲ್ಲಿ ಇಬ್ಬರು ಜಗಳವಾಡುತ್ತಿದ್ದಾರೆ. ಮೂಲ ಫೈಲು ವಿಡಿಯೊ ಮಾಡಿದ ಹುಡುಗನ ಫೋನಿನಲ್ಲಿತ್ತು. ಜಾಗ ಸಾಲದೆ ಅಳಿಸಿದ. ಪುಟದ ಅಡ್ಮಿನ್ ಕೂಡ ಅವನೇ, ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಅಳಿಸುವ ಮುನ್ನ ಕಂಪನಿ ಕಳಿಸುವ ನೋಟಿಸ್ ಹೋಗುವುದು ಅವನು ತೆರೆಯುವುದನ್ನೇ ಬಿಟ್ಟ ಇಮೇಲಿಗೆ. ಸಭೆಗಳ ಕಾರ್ಯದರ್ಶಿಗಳು ಈ ವಾರವೇ ವಿಚಾರಿಸಬೇಕಾದದ್ದು ಇದನ್ನು.

ನಮ್ಮೂರು ಮೊದಲು ಹೀಗಿರಲಿಲ್ಲ. 1891ರಲ್ಲಿ ಶುರುವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಕಟ್ಟು ತಂದುಕೊಟ್ಟಾಗ, ತೆಗೆದುಕೊಳ್ಳಲು ಜಾಗವಿತ್ತು, ಬಿಚ್ಚಿ ಓದಲು ಆರ್. ಶಾಮಶಾಸ್ತ್ರಿಗಳಿದ್ದರು; ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಯಿತು. ಅದಕ್ಕಿಂತ ಸ್ವಾರಸ್ಯದ್ದು ಜಯಚಾಮರಾಜ ಒಡೆಯರ್ ಕೆಲಸ. ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಜನರ ಮರೆವಿನ ನಡುವೆ ಇದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್. ಆತ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿಯಲ್ಲಿ ಮುದ್ರಿಸಲಿ ಎಂದು ಮಹಾರಾಜರು ಹಣ ಕೊಟ್ಟರು. 1951ರಲ್ಲಿ ಮೆಟ್ನರ್ ಸತ್ತ. ತಟ್ಟೆಗಳು ಉಳಿದವು, ಇವತ್ತಿಗೂ ಪಿಯಾನೊದವರು ಕೇಳುತ್ತಾರೆ. ಎಲ್ಲಿಯದೋ ರಷ್ಯನ್ನನಿಗೆ ಮೈಸೂರಿನ ಹಣ ಮಾಡಿದ ಉಪಕಾರ ಮೈಸೂರಿನ ವಿದ್ವಾಂಸರಿಗೆ ಸಿಗಬಾರದೆ?

ರಾಜರ ಖಜಾನೆಯೇನೂ ಬೇಕಾಗಿಲ್ಲ. ಫೋನಿನಲ್ಲಿ ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ತಿನ್ನುತ್ತದೆ. ಎರಡೂವರೆ ಗಂಟೆಯ ಕಛೇರಿಗೆ 20 ಜಿಬಿಗೆ ಸ್ವಲ್ಪ ಕಡಿಮೆ. 2 ಟಿಬಿಯ ಒಂದು ಹಾರ್ಡ್‌ಡಿಸ್ಕಿನಲ್ಲಿ ನೂರು ಕಛೇರಿ ಕೂರುತ್ತವೆ. ಒಂದು ಋತುವಿನಲ್ಲಿ ನಾವು ಹೊದಿಸುವ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿಯ ಲೆಕ್ಕ ತೆಗೆದರೆ ಡಿಸ್ಕಿನ ಬೆಲೆ ಕಣ್ಣಿಗೇ ಬೀಳದು. ಯೂಟ್ಯೂಬಿನಿಂದ ಮರಳಿ ಇಳಿಸಿದ್ದು ಹಿಂಡಿದ ಪ್ರತಿ. ಇಡಬೇಕಾದದ್ದು ಮೂಲ ಫೈಲು, ಜೊತೆಗೆ ಕಲಾವಿದರು, ರಾಗ, ತಾಳ, ಸ್ಥಳ, ದಿನಾಂಕ ಬರೆದ ಒಂದು ಹಾಳೆ.

ಸಭೆಗಳು ಇಟ್ಟರಷ್ಟೇ ಸಾಲದು, ಇನ್ನೊಂದು ಪ್ರತಿಗೆ ಊರಿನಲ್ಲಿ ಒಂದು ಕೌಂಟರ್ ಬೇಕು. ಸಂಗೀತಕ್ಕೆಂದೇ 2009ರ ಕಾಯಿದೆಯಿಂದ ಹುಟ್ಟಿದ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಇಲ್ಲೇ ಇದೆ; ಸಂಗೀತವನ್ನು ಅದು ವಹಿಸಿಕೊಳ್ಳಲಿ. ವಿಜ್ಞಾನದ ಉಪನ್ಯಾಸಗಳನ್ನು ಮೈಸೂರು ವಿಶ್ವವಿದ್ಯಾಲಯ ಇಟ್ಟುಕೊಳ್ಳಲಿ. ಯಾರೇ ಇಟ್ಟರೂ ಕಲಾವಿದರ ಸಹಿ ಬೇಕು: ತಮ್ಮ ಪ್ರದರ್ಶನದ ಮೇಲೆ ಅವರಿಗೆ ಕಾನೂನು 50 ವರ್ಷದ ಹಕ್ಕು ಕೊಟ್ಟಿದೆ. ಸಹಿಯನ್ನು ಕಛೇರಿಯ ದಿನವೇ, ಸಂಭಾವನೆಯ ಕವರ್ ಕೊಡುವಾಗಲೇ ಕೇಳಿದರೆ ಕೆಲಸ ಸಲೀಸು. ಡಿಸ್ಕೂ ಚಿರಂಜೀವಿಯಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸುವ ಖರ್ಚನ್ನು ವಿಶ್ವವಿದ್ಯಾಲಯದ ಬಜೆಟ್ಟಿನಲ್ಲಿ ಬೇರೆ ಬಾಬ್ತಾಗಿಯೇ ತೋರಿಸಬೇಕು. ಇಲ್ಲದಿದ್ದರೆ ಒಬ್ಬ ಕುಲಪತಿ ಉದ್ಘಾಟಿಸಿದ್ದನ್ನು ಮುಂದಿನವರು ಮರೆಯುತ್ತಾರೆ.